ಅಕ್ವೇರಿಯಂ ಸೋರಿಕೆ ಪರೀಕ್ಷೆ: ಜಾಡಿ ವಿಧಾನದ ನನ್ನ ಅನುಭವ

ಟ್ಯಾಂಕಿಗೆ ನೀರು ತುಂಬಿಸಿ ಒಂದು ದಿನ ಬಿಡುವುದು, ಸುತ್ತ ಹಾಸಿದ ಕಾಗದ ಒಣಗಿಯೇ ಇದ್ದರೆ ಮರುದಿನ ಮರಳು, ಗಿಡಗಳನ್ನು ಹಾಕುವುದು ನಮ್ಮಲ್ಲಿ ಹೆಚ್ಚಿನವರ ರೂಢಿ. ನಾನು ಕೆಲವು ವರ್ಷಗಳಿಂದ ಇದಕ್ಕೆ ಇನ್ನೊಂದು ಹಂತವನ್ನು ಸೇರಿಸಿಕೊಂಡು ಬಂದಿದ್ದೇನೆ. ತುಂಬಿದ ಟ್ಯಾಂಕಿನ ಒಳಗೆ ನೇರ ಗೋಡೆಯ ಗಾಜಿನ ಜಾಡಿಯೊಂದನ್ನು ನಿಲ್ಲಿಸಿ, ಅದರಲ್ಲಿಯೂ ಅದೇ ನೀರನ್ನು ಅದೇ ಮಟ್ಟಕ್ಕೆ ತುಂಬಿಸಿ, ನಾಲ್ಕೈದು ದಿನಗಳಲ್ಲಿ ಎರಡರ ನೀರು ಎಷ್ಟೆಷ್ಟು ಇಳಿಯಿತೆಂದು ಹೋಲಿಸುತ್ತೇನೆ. ಜಾಡಿಯಲ್ಲಿ ನೀರು ಇಳಿಯುವುದು ಆವಿಯಾಗಿ ಮಾತ್ರ, ಟ್ಯಾಂಕಿನಲ್ಲಿ ಅದಕ್ಕಿಂತ ಹೆಚ್ಚು ಇಳಿದರೆ ಆ ಹೆಚ್ಚಿನ ಪಾಲು ಸೋರಿಕೆ. ಜೊತೆಯ ಹವ್ಯಾಸಿಗಳು ಇದನ್ನು ಅನಾವಶ್ಯಕ ಶ್ರಮವೆಂದೇ ಹೇಳುತ್ತಿದ್ದರು. ಸೋರುವ ಟ್ಯಾಂಕು ಹೊರಗೆ ಒದ್ದೆಯಾಗಿ ತಾನೇ ತೋರಿಸಿಕೊಡುತ್ತದೆ, ಮಿಲಿಮೀಟರ್ ಲೆಕ್ಕ ಯಾರಿಗೆ ಬೇಕು ಎಂಬುದು ಅವರ ವಾದ. ಈಚೆಗೆ ಕೊಂಡ ಹಳೆಯ ಟ್ಯಾಂಕೊಂದರಲ್ಲಿ ಉಳಿದೆಲ್ಲ ಪರೀಕ್ಷೆಗಳೂ ‘ಸರಿಯಿದೆ’ ಎಂದಾಗ ಜಾಡಿಯೊಂದೇ ಸೋರಿಕೆಯನ್ನು ಹಿಡಿದುಕೊಟ್ಟಿತು. ಆದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಟ್ಯಾಂಕಿನ ಅಳತೆ 90 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅಂಚಿನವರೆಗೆ ತುಂಬಿಸಿದರೆ ಸುಮಾರು 180 ಲೀಟರ್ ಹಿಡಿಯುತ್ತದೆ. ಹೊಸದರ ಬೆಲೆಯ ಮೂರನೇ ಒಂದು ಪಾಲಿಗೆ ಸಿಕ್ಕಿತ್ತು. ಮಾರಿದವರು ಅದು ಎಂದೂ ಸೋರಿಲ್ಲವೆಂದು ಹೇಳಿದ್ದರು, ಆ ಮಾತು ಸುಳ್ಳೆಂದು ನಾನು ಭಾವಿಸುವುದಿಲ್ಲ. ಬಳಕೆಯಲ್ಲಿ ಚೆನ್ನಾಗಿಯೇ ಇದ್ದ ಟ್ಯಾಂಕು ಸಾಗಿಸುವಾಗ ಒಂದು ಮೂಲೆಯ ಮೇಲೆ ಭಾರ ಬಿದ್ದು, ಗಾಜುಗಳನ್ನು ಅಂಟಿಸಿ ಹಿಡಿದಿರುವ ಸಿಲಿಕೋನಿನ ಹಿಡಿತ ಕಳೆದುಕೊಳ್ಳುವುದುಂಟು. ಅದಕ್ಕಾಗಿಯೇ ಪರೀಕ್ಷೆಯನ್ನು ಕೊಂಡ ಜಾಗದಲ್ಲಿ ಮಾಡಿದರೆ ಪೂರ್ಣ ಪ್ರಯೋಜನವಿಲ್ಲ. ಟ್ಯಾಂಕು ಕೊನೆಗೆ ಎಲ್ಲಿ, ಯಾವ ಸ್ಟ್ಯಾಂಡಿನ ಮೇಲೆ, ಯಾವ ಫೋಮ್ ಹಾಳೆಯ ಮೇಲೆ ಕೂರಬೇಕೋ ಅಲ್ಲಿಯೇ ಮಾಡಬೇಕು. ನೆಲದ ಮೇಲೆ ಸೋರದ ಟ್ಯಾಂಕು ಓರೆಯಾದ ಸ್ಟ್ಯಾಂಡಿನ ಮೇಲೆ ತಿರುಚಿಕೊಂಡು ಸೋರಬಹುದು.

ಮೊದಲು ಮೂರನೇ ಒಂದು ಭಾಗ ತುಂಬಿಸಿ ಅರ್ಧ ದಿನ, ಮೂರನೇ ಎರಡು ಭಾಗ ತುಂಬಿಸಿ ಇನ್ನರ್ಧ ದಿನ ಬಿಟ್ಟೆ. ಈ ಹಂತದಲ್ಲಿ ಅಂಚಿನಿಂದ ನೀರಿನ ಮೇಲ್ಮೈವರೆಗಿನ ಅಂತರವನ್ನು ನಾಲ್ಕು ಮೂಲೆಗಳಲ್ಲಿಯೂ ಅಳೆದರೆ ಸ್ಟ್ಯಾಂಡ್ ಸಮವಾಗಿದೆಯೇ ಎಂದು ತಿಳಿಯುತ್ತದೆ. ನನ್ನ ಸ್ಪಿರಿಟ್ ಲೆವೆಲ್ಲಿಗಿಂತ ನೀರಿನ ಮಾತನ್ನೇ ನಾನು ಹೆಚ್ಚು ನಂಬುತ್ತೇನೆ. ಒಂದು ಮೂಲೆ ಸುಮಾರು 2 ಮಿ.ಮೀ. ತಗ್ಗಿತ್ತು. ಟ್ಯಾಂಕನ್ನು ಖಾಲಿ ಮಾಡಿ, ಸ್ಟ್ಯಾಂಡಿನ ಕಾಲಿನ ಕೆಳಗೆ ತೆಳುವಾದ ಹಲಗೆ ಚೂರನ್ನು ಕೊಟ್ಟು ಸರಿಪಡಿಸಿದೆ. ಟ್ಯಾಂಕಿನ ತಳಕ್ಕೂ ಸ್ಟ್ಯಾಂಡಿಗೂ ನಡುವೆ ಚೂರುಗಳನ್ನು ತುರುಕುವುದನ್ನು ಮಾತ್ರ ಯಾರೂ ಮಾಡಬಾರದು, ಗಾಜು ಬಿರುಕು ಬಿಡುವುದು ಅಲ್ಲಿಂದಲೇ. ತುಂಬಿದ ಮೇಲೆ ಮುಂಭಾಗದ ಗಾಜೊಂದರ ಮೇಲೆಯೇ ನೀರು ಒಟ್ಟು ಸುಮಾರು 90 ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ತಳ್ಳುತ್ತಿರುತ್ತದೆ. ಈ ಒತ್ತಡ ತಳದ ಕಡೆಗೆ ಹೆಚ್ಚುತ್ತ ಹೋಗುವುದರಿಂದ ಅರ್ಧ ತುಂಬಿಸಿ ನೋಡಿ ತೃಪ್ತಿಪಡುವುದರಲ್ಲಿ ಅರ್ಥವಿಲ್ಲ.

ಪೂರ್ತಿ ತುಂಬಿಸಿದ ಮೇಲೆ ತಳದ ಅಂಚಿನ ಸುತ್ತ ಟಿಶ್ಯೂ ಪಟ್ಟಿಗಳನ್ನು ಒತ್ತಿಟ್ಟೆ, ನಿಂತ ಜೋಡಣೆಗಳ ಹೊರಗೆ ಸೀಮೆಸುಣ್ಣದ ಗೆರೆ ಎಳೆದೆ. ಒಂದು ಗಂಟೆಯೊಳಗೆ ಎರಡು ಕಡೆ ಸುಣ್ಣ ಕಪ್ಪಾಯಿತು. ಇಲ್ಲಿ ಗಾಬರಿಪಟ್ಟು ಟ್ಯಾಂಕನ್ನು ತಿರಸ್ಕರಿಸಿದವರನ್ನು ನಾನು ಬಲ್ಲೆ. ಕೋಣೆಯ ಗಾಳಿಗಿಂತ ನೀರು ಸಾಕಷ್ಟು ತಣ್ಣಗಿದ್ದಾಗ ಹೊರ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಆ ಬೆವರು ಗಾಜಿನುದ್ದಕ್ಕೂ ಹರಡಿರುತ್ತದೆ, ಸೋರಿಕೆಯಾದರೆ ಒಂದು ಬಿಂದುವಿನಿಂದ ಕೆಳಕ್ಕೆ ಇಳಿಯುತ್ತದೆ. ನೀರು ಕೋಣೆಯ ಉಷ್ಣತೆಗೆ ಬಂದ ಮೇಲೆ ಒರೆಸಿ ಮತ್ತೆ ಗೆರೆ ಎಳೆದೆ, ಆಮೇಲೆ ಎಲ್ಲವೂ ಒಣಗಿಯೇ ಉಳಿಯಿತು. ರೂಢಿಯ ಪ್ರಕಾರ ಪರೀಕ್ಷೆ ಅಲ್ಲಿಗೆ ಮುಗಿದಿತ್ತು.

ಇನ್ನು ಜಾಡಿಯ ವಿಷಯ. ಈಜುಕೊಳದ ನೀರು ಇಳಿದಾಗ ಅದು ಆವಿಯೋ ಸೋರಿಕೆಯೋ ಎಂದು ತಿಳಿಯಲು ಕೊಳದ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ಟನ್ನು ಇಟ್ಟು ಎರಡೂ ಮಟ್ಟಗಳನ್ನು ಹೋಲಿಸುವ ಪದ್ಧತಿಯಿದೆ, ನನ್ನದು ಅದರ ಸಣ್ಣ ರೂಪ. ಹೊರಗೆ, ಪಕ್ಕದಲ್ಲಿ ಬಕೆಟ್ ಇಟ್ಟು ನೋಡುವವರಿದ್ದಾರೆ. ನಾನೂ ಇಟ್ಟು ನೋಡಿದ್ದೇನೆ, ಅದು ನಂಬಿಕೆಗೆ ಅರ್ಹವಲ್ಲ. ಬಕೆಟ್ಟಿನ ಅಲ್ಪ ನೀರು ಬೇಗ ಬಿಸಿಯಾಗುತ್ತದೆ, ಬೇಗ ತಣಿಯುತ್ತದೆ, ಅದರ ಮೇಲೆ ಬೀಸುವ ಗಾಳಿಯೂ ಬೇರೆ. ಜಾಡಿ ಟ್ಯಾಂಕಿನ ನೀರಿನಲ್ಲಿಯೇ ನಿಂತಿದ್ದರೆ ಎರಡರ ಉಷ್ಣತೆಯೂ ಒಂದೇ, ಎರಡರ ಮೇಲಿನ ಗಾಳಿಯೂ ಒಂದೇ. ಜಾಡಿಯ ಬಾಯಿ ಅಗಲವಾಗಿರಬೇಕು, ಗೋಡೆ ಮೇಲಿನಿಂದ ಕೆಳಗಿನವರೆಗೆ ನೇರವಾಗಿರಬೇಕು, ಬಾಯಂಚು ನೀರಿಗಿಂತ ಒಂದೆರಡು ಸೆಂ.ಮೀ. ಮಾತ್ರ ಮೇಲಿರಬೇಕು, ಅದಕ್ಕಿಂತ ಎತ್ತರವಾದರೆ ಗಾಳಿ ತಡೆದು ಜಾಡಿಯ ನೀರು ಕಡಿಮೆ ಆವಿಯಾಗುತ್ತದೆ. ಕಿರಿದಾದ ಜಾಡಿಯಲ್ಲಿ ನೀರು ಗಾಜಿಗೆ ಅಂಟಿ ಮೇಲೇರಿ ಓದುವುದು ಕಷ್ಟವಾಗುತ್ತದೆ. ಜಾಡಿಯ ಕೆಳಗೆ ಬಟ್ಟೆಯ ಮಡಿಕೆ ಹಾಕುವುದನ್ನು ಮರೆಯಬಾರದು.

ಗುರುತನ್ನು ತುಂಬಿಸಿದ ಕೂಡಲೇ ಹಾಕಬಾರದು, ಈ ಒಂದು ಅಂಶದಲ್ಲಿಯೇ ಹಲವರ ಲೆಕ್ಕ ಕೆಡುತ್ತದೆ. ನಲ್ಲಿಯ ತಣ್ಣೀರು 20 ಡಿಗ್ರಿಯಿಂದ 30 ಡಿಗ್ರಿಗೆ ಬಂದರೆ ಹಿಗ್ಗಿ, ಈ ಅಳತೆಯ ಟ್ಯಾಂಕಿನಲ್ಲಿ ಮಟ್ಟ ಸುಮಾರು 1 ಮಿ.ಮೀ. ಏರುತ್ತದೆ. ಗಾಜಿಗೆ ಅಂಟಿದ ಗಾಳಿಗುಳ್ಳೆಗಳು ಬಿಟ್ಟುಹೋದಾಗ, ಗಾಜು ಭಾರಕ್ಕೆ ಸ್ವಲ್ಪ ಹೊರಬಾಗಿದಾಗ ಮಟ್ಟ ಇಳಿಯುತ್ತದೆ. ಆದ್ದರಿಂದ ಒಂದು ಪೂರ್ತಿ ದಿನ ಸುಮ್ಮನೆ ಬಿಟ್ಟು, ಜಾಡಿಯ ಮಟ್ಟವನ್ನು ಟ್ಯಾಂಕಿನ ಮಟ್ಟಕ್ಕೆ ಮತ್ತೆ ಹೊಂದಿಸಿ, ಅನಂತರವೇ ಗುರುತು ಹಾಕುತ್ತೇನೆ. ಅರ್ಧ ಮಿಲಿಮೀಟರಿನವರೆಗೆ ಸ್ಪಷ್ಟವಾಗಿ ಓದಲು ನಾನು ಬಳಸುವ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಸಣ್ಣ ತುದಿಯ ಮಾರ್ಕರಿನಿಂದಲೂ ಕೆಲಸ ನಡೆಯುತ್ತದೆ.

ನಾಲ್ಕು ದಿನಗಳ ಬಳಿಕ ಜಾಡಿಯಲ್ಲಿ ಸುಮಾರು 9 ಮಿ.ಮೀ. ಇಳಿದಿತ್ತು, ಟ್ಯಾಂಕಿನಲ್ಲಿ 11. ಎರಡು ಮಿಲಿಮೀಟರ್ ಎಂದರೆ ಕಣ್ಣಿಗೆ ಏನೂ ಅಲ್ಲ. ಆದರೆ 90×45 ಮೇಲ್ಮೈಯಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 400 ಮಿ.ಲೀ. ನೀರು, ಅಂದರೆ ಮುಕ್ಕಾಲು ಲೀಟರಿಗೂ ಹೆಚ್ಚು ನೀರು ಎಲ್ಲಿಗೋ ಹೋಗಿತ್ತು, ಮತ್ತು ಹೊರಗಿನ ಟಿಶ್ಯೂ ಗರಿಗರಿಯಾಗಿತ್ತು. ಇದನ್ನು ಹೇಳಿದಾಗ ಗೆಳೆಯರು ನನ್ನ ಅಳತೆಯನ್ನೇ ಸಂಶಯಿಸಿದರು. ನಾನು ಜಾಡಿಯ ಜಾಗ ಬದಲಿಸಿ ಮತ್ತೆ ಅಷ್ಟೇ ದಿನ ಇಟ್ಟೆ, ವ್ಯತ್ಯಾಸ ಹಾಗೆಯೇ ಬಂತು.

ಈ ನಡುವೆ ಮಾಡಿದ ಒಂದು ಪಕ್ಕದ ಪ್ರಯೋಗವನ್ನೂ ಹೇಳಬೇಕು. ಆವಿಯನ್ನೇ ತಡೆದರೆ ಜಾಡಿಯ ಅಗತ್ಯವೇ ಇಲ್ಲವಲ್ಲ ಎಂದು ಟ್ಯಾಂಕಿನ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ನೋಡಿದೆ. ಹಾಳೆಯ ಒಳಮೈಗೆ ಹನಿಗಳು ದಟ್ಟವಾಗಿ ಕಟ್ಟಿಕೊಂಡವು, ಕೆಲವು ಅಂಚಿನಿಂದ ಹೊರಗಿಳಿದು ಟಿಶ್ಯೂವನ್ನು ಒದ್ದೆ ಮಾಡಿದವು, ಒಟ್ಟಿನಲ್ಲಿ ಯಾವುದನ್ನೂ ಖಚಿತವಾಗಿ ಹೇಳಲಾಗದಂತಾಯಿತು. ಆ ದಾರಿಯನ್ನು ಕೈಬಿಟ್ಟೆ. ನೀರಿಗೆ ಬಣ್ಣ ಬೆರೆಸುವುದೂ ನನಗೆ ಒಪ್ಪಿಗೆಯಿಲ್ಲ, ಪಾರದರ್ಶಕ ಸಿಲಿಕೋನಿಗೆ ಕಲೆ ಹಿಡಿದರೆ ಅದು ಹೋಗುವುದೇ ಇಲ್ಲ.

ಫಲ ಕೊಟ್ಟದ್ದು ಉಪ್ಪು. ಲೀಟರಿಗೆ ಸುಮಾರು ಒಂದು ಗ್ರಾಂ ಲೆಕ್ಕದಲ್ಲಿ ಸಾಮಾನ್ಯ ಉಪ್ಪನ್ನು ಪರೀಕ್ಷೆಯ ನೀರಿನಲ್ಲಿ ಕರಗಿಸಿ, ಜಾಡಿಗೂ ಅದೇ ನೀರನ್ನು ತುಂಬಿಸಿದ್ದೆ. ಗಾಜಿನ ಬೆವರು ಒಣಗಿದರೆ ಏನೂ ಉಳಿಯುವುದಿಲ್ಲ. ಒಳಗಿನಿಂದ ಒಸರಿದ ನೀರು ಒಣಗಿದರೆ ಬಿಳಿಯ ಗುರುತು ಉಳಿಯುತ್ತದೆ. ಟ್ಯಾಂಕನ್ನು ಸೈಫನ್ ಹಾಕಿ ಕೊನೆಯ ಹನಿಯವರೆಗೆ ಖಾಲಿ ಮಾಡಿ, ಇಬ್ಬರು ಸೇರಿ ಎತ್ತಿ ಪಕ್ಕಕ್ಕಿಟ್ಟು, ಫೋಮ್ ಹಾಳೆಯನ್ನು ಒಂದು ರಾತ್ರಿ ಒಣಗಲು ಬಿಟ್ಟೆವು. ಹಿಂಬದಿಯ ಎಡ ಮೂಲೆಯಿಂದ ಹೊರಟು ಹಾಳೆಯ ಮಧ್ಯದ ಕಡೆಗೆ ಒಂದು ಗೇಣಿನಷ್ಟು ಉದ್ದದ ಬಿಳಿ ಜಾಡು ಕಾಣಿಸಿತು. ಅದರ ಕೆಳಗಿನ ಪ್ಲೈವುಡ್ ನೀರು ಕುಡಿದು ಉಬ್ಬಲು ಶುರುವಾಗಿತ್ತು. ನೀರು ಹೊರ ಅಂಚಿಗೆ ಬಾರದೆ ತಳದ ಕೆಳಗೇ ಹರಡಿ, ಹಲಗೆಯಲ್ಲಿ ಇಂಗಿ ಹೋಗುತ್ತಿದ್ದುದರಿಂದ ಟಿಶ್ಯೂ ಎಂದಿಗೂ ಒದ್ದೆಯಾಗುವಂತಿರಲಿಲ್ಲ. ಜಾಡನ್ನು ಕಣ್ಣಾರೆ ನೋಡಿದ ಮೇಲೆ ಗೆಳೆಯರು ಅಳತೆಯ ಬಗ್ಗೆ ಮಾತೆತ್ತಲಿಲ್ಲ, ಜಾಡಿಯ ಅಳತೆ ಎಷ್ಟೆಂದು ಕೇಳಿದರು.

ದುರಸ್ತಿಯ ಮೂಲ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಗಾಜುಗಳ ನಡುವಿನ ಜೋಡಣೆಯಲ್ಲಿ ಗುಳ್ಳೆಗಳಾಗಲಿ ಬಿಟ್ಟುಕೊಂಡ ಜಾಗವಾಗಲಿ ಕಾಣದ್ದರಿಂದ, ಬಿಡಿಸಿ ಮತ್ತೆ ಕಟ್ಟುವ ಅಗತ್ಯ ಬೀಳಲಿಲ್ಲ, ಒಳಮೂಲೆಗಳುದ್ದಕ್ಕೂ ಬಳಿದಿರುವ ಸಿಲಿಕೋನ್ ಪಟ್ಟಿಯನ್ನು ಮಾತ್ರ ತೆಗೆದೆ. ಸೋರುವ ಮೂಲೆಗೆ ಮಾತ್ರ ಮೆತ್ತಿದರೆ ಸಾಕೆಂದು ಸಲಹೆ ಬಂತು. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಆದ್ದರಿಂದ ಒಳಪಟ್ಟಿಯನ್ನು ಸುತ್ತಲೂ ಬ್ಲೇಡಿನಿಂದ ಕೆರೆದು, ಆಲ್ಕೋಹಾಲಿನಿಂದ ಒರೆಸಿ, ಹೊಸ ಪಟ್ಟಿಯನ್ನು ಒಂದೇ ಸಲಕ್ಕೆ ಪೂರ್ತಿ ಎಳೆದೆ. ಕೆರೆಯುವುದಕ್ಕೇ ಎರಡು ಸಂಜೆಗಳು ಹಿಡಿದವು. ಬೂಸ್ಟು ತಡೆಯುವ ಔಷಧಿ ಬೆರೆತ ಸಿಲಿಕೋನನ್ನು ಮೀನಿನ ಟ್ಯಾಂಕಿಗೆ ತರಬಾರದು, ಅದು ಅಗ್ಗವಾಗಿ ಸಿಕ್ಕರೂ ಸಹ. ಹೊಸ ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಸುಮಾರು ಒಂದು ವಾರಕ್ಕೂ ಹೆಚ್ಚು ಕಾಲ ಮುಟ್ಟಲಿಲ್ಲ. ಮೂಲೆಗಳಲ್ಲಿ ಪಟ್ಟಿ ಎಳೆಯುವ ಕ್ರಮದಲ್ಲಿ ನನ್ನದೇ ಒಂದು ಅನುಕ್ರಮವಿದೆ, ಅದನ್ನು ಬರೆದು ವಿವರಿಸುವುದಕ್ಕಿಂತ ಎದುರಿಗೇ ತೋರಿಸುವುದು ಸುಲಭ.

ಖರ್ಚು ನೆನಪಿನಿಂದ ಹೇಳುವುದಾದರೆ, ಸಿಲಿಕೋನ್ ಕೊಳವೆ, ಬ್ಲೇಡುಗಳು, ಹೊಸ ಫೋಮ್ ಹಾಳೆ, ಪ್ಲೈವುಡ್ಡಿನ ಮೇಲೆ ಬಳಿದ ನೀರು ನಿರೋಧಕ ಬಣ್ಣ ಎಲ್ಲ ಸೇರಿ ಟ್ಯಾಂಕಿಗೆ ಕೊಟ್ಟ ಹಣದ ಕಾಲು ಭಾಗಕ್ಕಿಂತ ಕಡಿಮೆ. ಎಲ್ಲ ಸೇರಿಸಿದರೂ ಹೊಸ ಟ್ಯಾಂಕಿನ ಅರ್ಧ ಬೆಲೆಯನ್ನು ಮುಟ್ಟಲಿಲ್ಲ. ಇದೇ ಸೋರಿಕೆ ಗಿಡಗಳು ಬೇರೂರಿ, ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿ, ಮೀನುಗಳು ಬಂದ ಮೇಲೆ ತಿಳಿದಿದ್ದರೆ, ಸ್ಟ್ಯಾಂಡು ಮತ್ತು ಮಣ್ಣಿಗೇ ಟ್ಯಾಂಕಿನ ಎರಡು ಪಟ್ಟು ಹೋಗುತ್ತಿತ್ತು. ಆ ಮೀನುಗಳನ್ನು ತುರ್ತಾಗಿ ಎಲ್ಲಿ ಇಡುವುದೆಂಬ ಚಿಂತೆ ಬೇರೆ.

ಮರುಪರೀಕ್ಷೆಯಲ್ಲಿ ಅದೇ ಜಾಡಿ, ಅದೇ ಉಪ್ಪು, ಸ್ವಲ್ಪ ಹೆಚ್ಚು ದಿನಗಳು. ಹವೆ ಬದಲಾಗಿದ್ದರಿಂದ ಎರಡರಲ್ಲಿಯೂ ಸುಮಾರು 13 ಮಿ.ಮೀ. ಇಳಿದಿತ್ತು, ನಡುವೆ ನಾನು ಓದಬಲ್ಲ ವ್ಯತ್ಯಾಸ ಇರಲಿಲ್ಲ. ಉಪ್ಪನ್ನು ಎರಡು ಸಲ ತೊಳೆದು ತೆಗೆದು, ಮರುದಿನ ಮರಳು ಹಾಸಲು ಆರಂಭಿಸಿದೆ.