ಕ್ಲಾಸ್ ಇಲ್ಲದ ಭಾಷೆಯಲ್ಲಿ ಆಬ್ಜೆಕ್ಟ್: ಲಿನಕ್ಸ್ ಫೈಲ್ ಸಿಸ್ಟಮ್ ಕೋಡ್ ಓದುವುದು ಹೇಗೆ?

ಲಿನಕ್ಸ್ ಕರ್ನಲ್‌ನ, ಅಂದರೆ ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ, ಬಹುಪಾಲು ಸಿ ಭಾಷೆಯಲ್ಲಿದೆ. ಆ ಭಾಷೆಯಲ್ಲಿ ದತ್ತಾಂಶವನ್ನೂ ಅದರ ಫಂಕ್ಷನ್‌ಗಳನ್ನೂ ಒಟ್ಟಿಗೆ ಕಟ್ಟುವ ಕ್ಲಾಸ್ ಇಲ್ಲ, ಒಂದು ಕ್ಲಾಸ್‌ನ ಗುಣಗಳು ಇನ್ನೊಂದಕ್ಕೆ ಬರುವ ಇನ್‌ಹೆರಿಟೆನ್ಸ್ ಇಲ್ಲ. ಆದರೂ ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸವನ್ನು ಕಲಿಯಲು ಅದರ ಫೈಲ್ ಸಿಸ್ಟಮ್ ಭಾಗಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬೇರೆ ಬೇರೆ ಫೈಲ್ ಸಿಸ್ಟಮ್‌ಗಳನ್ನು ಒಂದೇ ಮುಖದ ಹಿಂದೆ ಇರಿಸುವ ಈ ಉಪಾಯ ಹೊಸದೇನಲ್ಲ. ಸ್ಥಳೀಯ ಡಿಸ್ಕ್ ಮತ್ತು ನೆಟ್‌ವರ್ಕ್ ಮೂಲಕ ಕಡತಗಳನ್ನು ಕೊಡುವ ಎನ್‌ಎಫ್‌ಎಸ್ ಎರಡನ್ನೂ ಒಟ್ಟಿಗೆ ನಡೆಸಲು ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲೇ ವಿನೋಡ್ ಎಂಬ ಪದರವನ್ನು ರೂಪಿಸಿತ್ತು.

ಮೊದಲು ನಾಲ್ಕು ಆಬ್ಜೆಕ್ಟ್‌ಗಳನ್ನು ಗುರುತಿಸಿಕೊಳ್ಳಿ: ಸೂಪರ್‌ಬ್ಲಾಕ್ (ಇಡೀ ಫೈಲ್ ಸಿಸ್ಟಮ್‌ನ ವಿವರ), ಐನೋಡ್ (ಒಂದು ಕಡತದ ವಿವರ), ಡೆಂಟ್ರಿ (ಹೆಸರಿನಿಂದ ಐನೋಡ್‌ಗೆ ಕೊಂಡಿ), ಫೈಲ್ (ತೆರೆದಿರುವ ಕಡತ). ಹೊಸಬರು ಎಡವುವುದು ಐನೋಡ್ ಮತ್ತು ಫೈಲ್ ನಡುವೆ. ಒಂದೇ ಕಡತವನ್ನು ಎರಡು ಪ್ರೋಗ್ರಾಮ್‌ಗಳು ತೆರೆದರೆ ಐನೋಡ್ ಒಂದೇ ಇರುತ್ತದೆ, ಫೈಲ್ ಆಬ್ಜೆಕ್ಟ್ ಎರಡಾಗುತ್ತವೆ. ಎಲ್ಲಿಯವರೆಗೆ ಓದಿದ್ದೇವೆ ಎಂಬ ಲೆಕ್ಕ ಇರುವುದು ಫೈಲ್ ಆಬ್ಜೆಕ್ಟ್‌ನಲ್ಲಿ.

ಎರಡನೆಯದಾಗಿ, ಪ್ರತಿ ಆಬ್ಜೆಕ್ಟ್‌ನ ಫಂಕ್ಷನ್ ಪಟ್ಟಿಯನ್ನು ಹುಡುಕಿ. ಫೈಲ್‌ಗೆ ಅದು 'ಫೈಲ್_ಆಪರೇಷನ್ಸ್'. ಒಳಗಿರುವುದು ಬಹುತೇಕ ಫಂಕ್ಷನ್ ಪಾಯಿಂಟರ್‌ಗಳು, ಅಂದರೆ ಫಂಕ್ಷನ್‌ಗಳ ವಿಳಾಸಗಳು. ಪ್ರೋಗ್ರಾಮ್ ಓದಲು ಕೇಳಿದಾಗ ಎಲ್ಲ ಫೈಲ್ ಸಿಸ್ಟಮ್‌ಗಳ ಮೇಲಿರುವ ಕರ್ನಲ್‌ನ ಸಾಮಾನ್ಯ ಪದರ ವಿಎಫ್‌ಎಸ್‌ನ 'ವಿಎಫ್‌ಎಸ್_ರೀಡ್' ಈ ಪಟ್ಟಿಯಲ್ಲಿ 'ರೀಡ್' ಇದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ 'ರೀಡ್_ಇಟರ್' ಅನ್ನು ಬಳಸುತ್ತದೆ, ಎರಡೂ ಇಲ್ಲದಿದ್ದರೆ ದೋಷಸಂಖ್ಯೆಯನ್ನು ಹಿಂದಿರುಗಿಸುತ್ತದೆ. ಕೆಳಗಿರುವುದು ಯಾವ ಫೈಲ್ ಸಿಸ್ಟಮ್ ಎಂದು ಅದು ಕೇಳುವುದೇ ಇಲ್ಲ. ಪಾಲಿಮಾರ್ಫಿಸಮ್ ಎಂದರೆ ಇಷ್ಟೇ.

ಮೂರನೆಯ ಹೆಜ್ಜೆಗೆ ಸಾವಧಾನ ಬೇಕು, ಏಕೆಂದರೆ ಇನ್‌ಹೆರಿಟೆನ್ಸ್ ಅಡಗಿರುವುದು ಇಲ್ಲಿ. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಬಳಸುವ ಎಕ್ಸ್ಟ್4 ಎಂಬ ಫೈಲ್ ಸಿಸ್ಟಮ್ ತನ್ನ ಮಾಹಿತಿಗೆಂದು 'ಎಕ್ಸ್ಟ್4_ಐನೋಡ್_ಇನ್ಫೋ' ಎಂಬ ದೊಡ್ಡ ಸ್ಟ್ರಕ್ಚರ್ (ಹಲವು ದತ್ತಾಂಶಗಳ ಕಟ್ಟು) ಇಟ್ಟುಕೊಂಡು, ಎಲ್ಲರಿಗೂ ಸಾಮಾನ್ಯವಾದ ಐನೋಡ್ ಅನ್ನು ಅದರೊಳಗೇ ಹುದುಗಿಸುತ್ತದೆ. ಮೇಲಿನ ಪದರಕ್ಕೆ ಕಾಣುವುದು ಒಳಗಿನ ಐನೋಡ್ ಮಾತ್ರ. ಅದರ ವಿಳಾಸ ಮರಳಿ ಕೈಗೆ ಬಂದಾಗ ಎಕ್ಸ್ಟ್4 'ಕಂಟೇನರ್_ಆಫ್' ಮ್ಯಾಕ್ರೋ ಬಳಸುತ್ತದೆ. ದೊಡ್ಡ ಸ್ಟ್ರಕ್ಚರ್‌ನ ಆರಂಭದಿಂದ ಐನೋಡ್ ಎಷ್ಟು ಬೈಟ್ ದೂರವಿದೆಯೋ ಅಷ್ಟನ್ನು ಕಳೆದರೆ ಇಡೀ ಸ್ಟ್ರಕ್ಚರ್ ಸಿಗುತ್ತದೆ. ಆ ಐನೋಡ್ ನಿಜಕ್ಕೂ ಎಕ್ಸ್ಟ್4ನದೇ ಎಂದು ಪರೀಕ್ಷಿಸುವವರು ಯಾರೂ ಇಲ್ಲ. ಬೇರೆ ಫೈಲ್ ಸಿಸ್ಟಮ್‌ನ ಐನೋಡ್ ಕೊಟ್ಟರೆ ಯಾವುದೋ ಮೆಮೊರಿಯನ್ನು ತನ್ನದೆಂದು ಓದಿಬಿಡುತ್ತದೆ. ಐನೋಡ್‌ಗೆ ಜಾಗ ಕೊಡುವ 'ಅಲಾಕ್_ಐನೋಡ್' ಕೆಲಸವನ್ನು ಎಕ್ಸ್ಟ್4 ತಾನೇ ವಹಿಸಿಕೊಳ್ಳುವುದೂ ಇದಕ್ಕಾಗಿಯೇ: ಎಷ್ಟು ದೊಡ್ಡ ಜಾಗ ಬೇಕೆಂದು ಅದಕ್ಕಷ್ಟೇ ಗೊತ್ತು.

ಇನ್ನು ಓದಲು ಕುಳಿತುಕೊಳ್ಳಿ. ನೇರವಾಗಿ ಎಕ್ಸ್ಟ್4ಗೆ ಕೈಹಾಕಬೇಡಿ, ಪುಟ್ಟ ಫೈಲ್ ಸಿಸ್ಟಮ್ ಆದ ರ‍್ಯಾಮ್‌ಎಫ್‌ಎಸ್‌ನಿಂದ ಆರಂಭಿಸಿ. ಅದರ ಪಟ್ಟಿಯ ತುಂಬ 'ಜೆನೆರಿಕ್_' ಎಂದು ಶುರುವಾಗುವ ಸಿದ್ಧ ಫಂಕ್ಷನ್‌ಗಳಿವೆ. ದತ್ತಾಂಶ ಮೆಮೊರಿಯಲ್ಲಷ್ಟೇ ಇರುವುದರಿಂದ ದತ್ತಾಂಶವನ್ನು ಡಿಸ್ಕ್‌ಗೆ ಬರೆಸುವ 'ಎಫ್‌ಸಿಂಕ್' ಜಾಗದಲ್ಲಿ ಏನೂ ಮಾಡದ ಫಂಕ್ಷನ್ ಕುಳಿತಿದೆ. ಆಮೇಲೆ ಎಕ್ಸ್ಟ್4ನ ಪಟ್ಟಿಯನ್ನು ಪಕ್ಕದಲ್ಲಿ ತೆರೆಯಿರಿ. ಅದರ 'ರೀಡ್_ಇಟರ್' ಜಾಗದಲ್ಲಿ ಸ್ವಂತ ಫಂಕ್ಷನ್ ಇದೆ. ಕಡತದ ದತ್ತಾಂಶವನ್ನು ಮೆಮೊರಿಯಲ್ಲಿ ಉಳಿಸಿಡುವ ಪೇಜ್ ಕ್ಯಾಶ್ ದಾಟಿ ನೇರವಾಗಿ ಡಿಸ್ಕ್‌ನಿಂದ ಓದುವಂಥ ವಿಶೇಷ ಸಂದರ್ಭಗಳನ್ನು ತಾನೇ ನೋಡಿಕೊಂಡು, ಉಳಿದ ಮಾಮೂಲಿ ಓದನ್ನು ಅದು ರ‍್ಯಾಮ್‌ಎಫ್‌ಎಸ್ ಬಳಸುವ ಅದೇ 'ಜೆನೆರಿಕ್_ಫೈಲ್_ರೀಡ್_ಇಟರ್'ಗೆ ಒಪ್ಪಿಸುತ್ತದೆ.