ಆಲೂಗಡ್ಡೆ ಗಿಡ ಹಸಿರಾಗಿದ್ದೇ ಬಾಡಿತಾ? ಒಂದು ಗಾಜಿನ ಲೋಟ ತನ್ನಿ

ಹುಣಸೂರು, ಪಿರಿಯಾಪಟ್ಟಣ ಕಡೆಯ ಹೊಲಗಳಲ್ಲಿ ಇದು ಹೊಸದಲ್ಲ. ಮಧ್ಯಾಹ್ನದ ಬಿಸಿಲಿಗೆ ಒಂದೆರಡು ಆಲೂಗಡ್ಡೆ ಗಿಡದ ತುದಿ ಎಲೆ ಜೋತು ಬೀಳುತ್ತೆ, ಸಂಜೆ ತಂಪಾದ ಮೇಲೆ ಮತ್ತೆ ಎದ್ದು ನಿಲ್ಲುತ್ತೆ. ನೀರು ಸಾಲದೇನೋ ಅಂತ ಮೋಟರ್ ಹಾಕುತ್ತೇವೆ ಅಲ್ವಾ? ದಯವಿಟ್ಟು ಹಾಕಬೇಡಿ. ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗವಾಗಿದ್ದರೆ, ಹರಿಯುವ ನೀರೇ ಅದನ್ನು ಸಾಲಿನಿಂದ ಸಾಲಿಗೆ ಹೊತ್ತುಕೊಂಡು ಹೋಗುತ್ತೆ.

ಮೊದಲು ಪರೀಕ್ಷೆ ಮಾಡಿ. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕೊಯ್ದು, ನಾಲ್ಕು ಬೆರಳು ಉದ್ದದ ತುಂಡು ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕೊಯ್ದ ತುದಿ ನೀರಿಗೆ ಮುಳುಗುವ ಹಾಗೆ ತುಂಡನ್ನು ನೇರವಾಗಿ ಹಿಡಿಯಿರಿ. ಅಲುಗಾಡಿಸಬೇಡಿ. ರೋಗ ಇದ್ದರೆ ಕೆಲವೇ ನಿಮಿಷಗಳಲ್ಲಿ ಕಾಂಡದಿಂದ ಹಾಲಿನಂಥ ಬಿಳಿ ಎಳೆಗಳು ಸಣ್ಣಗೆ ಕೆಳಗಿಳಿಯುತ್ತವೆ. ಆ ಎಳೆಗಳೇ ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಗಿಡದ ನೀರಿನ ನಾಳದಲ್ಲೇ ತುಂಬಿಕೊಂಡು ದಾರಿ ಕಟ್ಟಿಬಿಡುವುದರಿಂದ, ಎಷ್ಟು ನೀರು ಬಿಟ್ಟರೂ ಎಲೆಗೆ ತಲುಪುವುದಿಲ್ಲ. ಎಲೆ ಮೊದಲು ಹಳದಿಯಾಗಿ ನಿಧಾನವಾಗಿ ಬಾಡಿ, ಎಳೆಯೂ ಇಳಿಯದಿದ್ದರೆ ಅದು ಶಿಲೀಂಧ್ರದ ಸೊರಗು ಇರಬಹುದು. ಬುಡ ಕಪ್ಪಾಗಿ ಲೊಳೆಯಾಗಿ ನಾತ ಹೊಡೆದರೆ ಅದು ಬೇರೆ ಬ್ಯಾಕ್ಟೀರಿಯಾದ ಕೊಳೆ, ಹೊಲದಲ್ಲಿ ನೀರು ನಿಲ್ಲದಂತೆ ಬಸಿಯುವುದು ಅದಕ್ಕೆ ಮೊದಲ ಕೆಲಸ.

ಗಡ್ಡೆಯನ್ನೂ ನೋಡಿ. ರೋಗ ಇದ್ದರೆ ಗಡ್ಡೆಯ ಕಣ್ಣುಗಳಿಗೆ, ಅಂದರೆ ಮೊಳಕೆ ಬರುವ ಜಾಗಕ್ಕೆ, ಅಂಟಂಟಾಗಿ ಮಣ್ಣು ಹತ್ತಿರುತ್ತೆ. ಅಡ್ಡ ಕೊಯ್ದರೆ ಸಿಪ್ಪೆಯ ಒಳಗೆ ಕಂದು ಬಳೆ ಕಾಣುತ್ತೆ, ಒತ್ತಿದರೆ ಕೆನೆಯಂಥ ಹನಿ ಜಿನುಗುತ್ತೆ.

ರೋಗ ಖಚಿತವಾದರೆ, ಬಾಡಿದ ಗಿಡವನ್ನು ಔಷಧಿ ಹೊಡೆದು ಉಳಿಸಲು ಆಗುವುದಿಲ್ಲ. ಸುಮ್ನೆ ದುಡ್ಡು ಸುರಿಯಬೇಡಿ. ಗಿಡ, ಗಡ್ಡೆ, ಬುಡದ ಮಣ್ಣು ಎಲ್ಲವನ್ನೂ ಚೀಲಕ್ಕೆ ತುಂಬಿ ಹೊಲದಿಂದ ಆಚೆ ಒಯ್ದು ಆಳವಾಗಿ ಹೂಳಿ. ತಿಪ್ಪೆಗೂ ಬೇಡ, ನಾಲೆಗಂತೂ ಬೇಡವೇ ಬೇಡ. ಕಿತ್ತ ಗುಂಡಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ. ಗುದ್ದಲಿ, ಕುಡುಗೋಲು, ಚಪ್ಪಲಿ ತೊಳೆದ ಮೇಲೆಯೇ ಪಕ್ಕದ ಸಾಲಿಗೆ ಕಾಲಿಡಿ. ಆಮೇಲೆ ಎರಡು ದಿನಕ್ಕೊಮ್ಮೆ ಮಧ್ಯಾಹ್ನದ ಹೊತ್ತು ಒಂದು ಸುತ್ತು ಹಾಕಿ, ಬೆಳಿಗ್ಗೆ ಹೋದರೆ ಬಾಡಿದ್ದು ಕಾಣಿಸುವುದಿಲ್ಲ.

ಆದರೆ ನಿಜವಾದ ಹತೋಟಿ ಬಿತ್ತನೆಗೆ ಮುಂಚೆಯೇ ಆಗಬೇಕು. ನಮ್ಮ ಭಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಹೊಗೆಸೊಪ್ಪು ಜಾಸ್ತಿ. ಇವೆಲ್ಲ ಆಲೂಗಡ್ಡೆಯ ನೆಂಟರೇ, ಈ ರೋಗ ಇವಕ್ಕೂ ಬರುತ್ತೆ. ಶುಂಠಿಯನ್ನು ಬಾಡಿಸುವುದೂ ಇದೇ ಗುಂಪಿನ ಬ್ಯಾಕ್ಟೀರಿಯಾ. ಇವುಗಳ ಹಿಂದೆಯೇ ಆಲೂಗಡ್ಡೆ ಹಾಕಿದರೆ ಮಣ್ಣಲ್ಲಿರುವ ರೋಗಕ್ಕೆ ನಾವೇ ಊಟ ಬಡಿಸಿದ ಹಾಗೆ. ಎರಡು ಮೂರು ವರ್ಷ ರಾಗಿ, ಮುಸುಕಿನ ಜೋಳ ಹಾಕಿ. ಬೇಸಿಗೆಯಲ್ಲಿ ಆಳವಾಗಿ ಉತ್ತು ಮಣ್ಣಿಗೆ ಬಿಸಿಲು ಕುಡಿಸಿ.

ಬಿತ್ತನೆ ಗಡ್ಡೆ ರೋಗವಿಲ್ಲದ ಹೊಲದ್ದೇ ಆಗಬೇಕು. ತಂಪು ಪ್ರದೇಶದಿಂದ ಬಂದ ಗಡ್ಡೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ರೋಗ ಅಡಗಿರಬಹುದು. ಆದಷ್ಟು ಕೋಳಿಮೊಟ್ಟೆ ಗಾತ್ರದ್ದನ್ನು ಇಡಿಯಾಗಿ ನೆಡಿ. ಕೊಯ್ಯಲೇಬೇಕೆಂದರೆ ಪ್ರತಿ ಗಡ್ಡೆಗೂ ಚಾಕುವನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಒಂದು ರೋಗದ ಗಡ್ಡೆ ಕೊಯ್ದ ಚಾಕು ಮುಂದಿನ ಎಷ್ಟೋ ಗಡ್ಡೆಗೆ ಅಂಟಿಸುತ್ತೆ. ನೆಡುವಾಗ ಸಾಲಿಗೆ ಎಕರೆಗೆ ಸುಮಾರು 5 ಕೆಜಿ ಬ್ಲೀಚಿಂಗ್ ಪೌಡರ್ ಹಾಕಬಹುದು. ಯೂರಿಯಾ ಜೊತೆ ಬೆರೆಸಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಣ್ಣೇರಿಸುವ ಕೆಲಸ ಬೇಗ ಮುಗಿಸಿ, ಆಮೇಲೆ ಬುಡ ಕೆದಕಬೇಡಿ. ಬೇರಿಗಾದ ಗಾಯವೇ ರೋಗಕ್ಕೆ ಬಾಗಿಲು.

ಅನುಮಾನ ಇದ್ದರೆ ಬೇರಿನ ಸಮೇತ ಗಿಡ ಕಿತ್ತು, ಮುಚ್ಚಿದ ಚೀಲದಲ್ಲಿ ಮಂಡ್ಯದವರು ವಿ.ಸಿ. ಫಾರಂನ, ಮೈಸೂರಿನವರು ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಅವತ್ತೇ ಒಯ್ದು ತೋರಿಸಿ.