ಅಂಗಡಿಯ ಕಂಪ್ಯೂಟರಿಗೆ ಹೊಸ ವಿಂಡೋಸ್: ಮಳೆ ಮುಗಿಯಲಿ, ಹಳೆ ಡಿಸ್ಕ್ ಹಾಗೇ ಇರಲಿ

ಶಿರಸಿಯಲ್ಲಿ ನಮ್ಮದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಮದುವೆ ಕಾಗದ, ಸೊಸೈಟಿಗಳ ವಾರ್ಷಿಕ ವರದಿ, ಕರಪತ್ರ, ಆನ್‌ಲೈನ್ ಅರ್ಜಿ, ಹೀಗೆ ದಿನ ಹೋಗುತ್ತದೆ. ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಮನೆಯಲ್ಲಿ ಒಂದು. ಮೂರರಲ್ಲೂ ವಿಂಡೋಸ್ 10 ಇತ್ತು. ಅದಕ್ಕೆ ಸಿಗುತ್ತಿದ್ದ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅದಕ್ಕೂ ಬಹಳ ಮೊದಲಿಂದಲೇ ವಿಂಡೋಸ್ 11ಕ್ಕೆ ಬದಲಾಯಿಸಿ ಅಂತ ಪರದೆಯ ಮೇಲೆ ನೋಟಿಸ್ ಬರಲು ಶುರುವಾಗಿತ್ತು. ನಮ್ಮಲ್ಲಿಗೆ ಬರುವ ಅಡಿಕೆ ವ್ಯಾಪಾರಿಯೊಬ್ಬರು ಫೆಬ್ರವರಿಯಲ್ಲಿ ಕೇಳಿದ್ದರು: "ಹೆಗಡೇರೆ, ದಿನಾ ಇದೇ ಬತ್ತು. ಒತ್ತಿಬಿಡ್ಲಾ?"

"ಈಗ ಒತ್ತಡಿ. ಮಾರ್ಚ್ ಲೆಕ್ಕ ಮುಗೀಲಿ" ಅಂದೆ.

ಪರದೆಯ ಮೇಲೆ ನೋಟಿಸ್ ಬಂತು ಅಂತ ಆಪರೇಟಿಂಗ್ ಸಿಸ್ಟಂ ಬದಲಿಸುವುದಲ್ಲ. ಕೆಲಸ ಯಾವಾಗ ಕಡಿಮೆ ಇರುತ್ತದೆ, ಕರೆಂಟ್ ಯಾವಾಗ ನಂಬಬಹುದು, ಅದನ್ನು ನೋಡಿ ದಿನ ಗೊತ್ತು ಮಾಡಬೇಕು. ನಮ್ಮೂರಲ್ಲಿ ಜೂನ್‌ನಿಂದ ಮಳೆ ಜೋರು. ಮರ ಬಿದ್ದರೆ ತಂತಿ ಹರಿಯುತ್ತದೆ, ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಇನ್‌ಸ್ಟಾಲ್ ಅರ್ಧ ಆದಾಗ ಕರೆಂಟ್ ಹೋದರೆ ಚಿಕ್ಕ ಯುಪಿಎಸ್ ಕೆಲವು ನಿಮಿಷ ಹಿಡಿದೀತು, ಅಷ್ಟೆ. ಅದೇ ಜೂನ್‌ನಲ್ಲಿ ಶಾಲೆ ಕಾಲೇಜು ಪ್ರವೇಶದ ಗಲಾಟೆಯೂ ಇರುತ್ತದೆ. ತುಳಸಿ ಹಬ್ಬ ಕಳೆದರೆ ಮದುವೆ ಕಾಗದದ ಕೆಲಸ ಶುರು, ಅದರ ಜೊತೆಗೇ ಅಡಿಕೆ ಕೊಯ್ಲು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರಂತೂ ಬ್ಯಾನರ್, ಕರಪತ್ರ ಅಂತ ಉಸಿರು ಬಿಡಲು ಆಗುವುದಿಲ್ಲ. ಮಾರ್ಚ್‌ನಲ್ಲಿ ಲೆಕ್ಕಪತ್ರ. ಎಲ್ಲ ಕಳೆದು ಉಳಿಯುವುದು ಸೆಪ್ಟೆಂಬರ್ ಕೊನೆಯಿಂದ ದೀಪಾವಳಿವರೆಗಿನ ದಿನಗಳು. ನಾನು ಆರಿಸಿಕೊಂಡಿದ್ದು ಅದೇ. ಕರಾವಳಿ ಕಡೆಯವರಿಗೆ, ಬಯಲುಸೀಮೆಯವರಿಗೆ ಲೆಕ್ಕ ಸ್ವಲ್ಪ ಬೇರೆ ಇರಬಹುದು. ಆದರೆ ನಿಮ್ಮ ವರ್ಷದಲ್ಲೂ ಇಂಥ ಒಂದು ಸಂದು ಇದ್ದೇ ಇರುತ್ತದೆ.

ಹೊಸ ವಿಂಡೋಸ್ ಬಂದ ಮೊದಲ ವರ್ಷ ನಾನು ಅದರ ಹತ್ತಿರ ಹೋಗುವುದಿಲ್ಲ. ವಿಂಡೋಸ್ 11 ಬಂದಿದ್ದು 2021ರ ಅಕ್ಟೋಬರ್‌ನಲ್ಲಿ. ಪ್ರಿಂಟರ್, ಸ್ಕ್ಯಾನರ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್‌ಗಳೆಲ್ಲ ಸರಿಹೋಗಲಿ ಅಂತ ಬಿಟ್ಟೆ. ಆದರೆ ಭದ್ರತಾ ಅಪ್‌ಡೇಟ್ ನಿಂತ ಮೇಲೂ ನೆಟ್‌ಗೆ ಸೇರಿಸಿಕೊಂಡು ನಡೆಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮಂಥ ಅಂಗಡಿಗೆ ಊರಿನ ಪೆನ್‌ಡ್ರೈವೆಲ್ಲ ಬರುತ್ತದೆ, ಜನ ತಮ್ಮ ಆಧಾರ್, ಪಾಸ್‌ಬುಕ್ ಎಲ್ಲ ನಮ್ಮ ಕೈಗೆ ಕೊಡುತ್ತಾರೆ. ಮನೆಯ ಕಂಪ್ಯೂಟರಿಗಿಂತ ನಮ್ಮದಕ್ಕೇ ರಕ್ಷಣೆ ಜಾಸ್ತಿ ಬೇಕು, ಅಲ್ವಾ? ವಿಂಡೋಸ್ 7ರ ಕಥೆ ನೋಡಿ. ಅದಕ್ಕೆ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. ಆಗ ಯಾರಿಗೂ ಏನೂ ಅನಿಸಲಿಲ್ಲ, ಎಲ್ಲ ಮೊದಲಿನಂತೆಯೇ ನಡೆಯಿತು. 2023ರಲ್ಲಿ ಕ್ರೋಮ್ ಕೂಡ ಕೈಬಿಟ್ಟಿತು, 109ನೇ ಆವೃತ್ತಿಯೇ ಅದರಲ್ಲಿ ಕೊನೆ. ಆಮೇಲೆ ಒಂದೊಂದೇ ವೆಬ್‌ಸೈಟ್ ತಕರಾರು ಶುರು ಮಾಡಿತು.

ದಿನ ಗೊತ್ತಾದ ಮೇಲೆ ಮಷಿನ್ ನೋಡಬೇಕು. ವಿಂಡೋಸ್ 11ಕ್ಕೆ 4 ಜಿಬಿ ರಾಮ್, 64 ಜಿಬಿ ಜಾಗ ಅಂತ ಬರೆದಿರುತ್ತದೆ. ಅದು ಏಳಲಿಕ್ಕೆ ಸಾಕು, ಕೆಲಸಕ್ಕೆ ಸಾಲದು. 8 ಜಿಬಿ ರಾಮ್ ಮತ್ತು ಎಸ್‌ಎಸ್‌ಡಿ (ವೇಗದ ಹೊಸ ಬಗೆಯ ಡಿಸ್ಕ್) ಇಲ್ಲದೆ ಹಾಕಬೇಡಿ. ಪ್ರೊಸೆಸರ್ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ನನ್ನ ಮುಖ್ಯ ಮಷಿನ್ ಐ5-8400, ಅಡ್ಡಗೆರೆಯ ನಂತರದ ಮೊದಲ ಅಂಕಿ 8, ಹಾಗಾಗಿ ಪಾಸ್. ಮನೆಯದು ಐ3-7100, ಅದು ಆಗದು. ಇನ್ನೊಂದು ಟಿಪಿಎಂ 2.0 ಎಂಬ ಭದ್ರತಾ ಚಿಪ್. ಇದು ಇಲ್ಲ ಅಂತ ಕಂಪ್ಯೂಟರ್ ಹೇಳಿದರೆ ಗಾಬರಿಯಾಗಿ ಹೊಸ ಮಷಿನ್ ಕೊಳ್ಳಲು ಹೋಗಬೇಡಿ. ಎಷ್ಟೋ ಬೋರ್ಡ್‌ಗಳಲ್ಲಿ ಇರುತ್ತದೆ, ಬಯೋಸ್‌ನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ, ಬೋರ್ಡಿನದೇ ಸೆಟ್ಟಿಂಗ್ ಪರದೆ) ಆಫ್ ಆಗಿರುತ್ತದೆ ಅಷ್ಟೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಹುಡುಕಿ ಆನ್ ಮಾಡಬೇಕು. ಬಯೋಸ್‌ನಲ್ಲಿ ಏನು ಮುಟ್ಟುವ ಮೊದಲೂ ನಾನು ಪ್ರತಿ ಪರದೆಯ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡೆ. ಹಳೆಯ ಸ್ಥಿತಿಗೆ ಮರಳಬೇಕಾದರೆ ಅದೇ ಆಧಾರ.

ಈ ಪರೀಕ್ಷೆಯನ್ನೆಲ್ಲ ತಪ್ಪಿಸಿ ಹಳೆ ಮಷಿನ್‌ಗೂ 11 ತುರುಕುವ ದಾರಿಗಳಿವೆ. ದುಡಿಯುವ ಮಷಿನ್‌ಗೆ ಅದು ಬೇಡ. ಅಂಥದ್ದಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಅಪ್‌ಡೇಟ್‌ಗಾಗಿಯೇ ತಾನೆ ಇಷ್ಟೆಲ್ಲ ಮಾಡುವುದು?

ಈಗ ಮುಖ್ಯ ವಿಷಯ. ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಒತ್ತಿದರೆ ಫೈಲು, ಸಾಫ್ಟ್‌ವೇರ್ ಎಲ್ಲ ಹಾಗೇ ಉಳಿಯುತ್ತದೆ, ಸುಲಭ. ಸರಿಬರದಿದ್ದರೆ ವಾಪಸ್ ಹೋಗಲೂಬಹುದು, ಆದರೆ ಅದಕ್ಕೆ ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಮನೆಯಲ್ಲಿ ಬಳಸುವವರಿಗೆ ಅದು ಸಾಕು. ಅಂಗಡಿಗೆ ಸಾಲದು. ವಾರ್ಷಿಕ ವರದಿಯ ಫೈಲನ್ನು ನಾನು ಮತ್ತೆ ತೆರೆಯುವುದು ವರ್ಷ ಬಿಟ್ಟು. ಅದಕ್ಕೇ ಹೊಸ ಎಸ್‌ಎಸ್‌ಡಿ ಒಂದನ್ನು ಕೊಂಡೆ. ಹಳೆ ಡಿಸ್ಕಿನ ಕೇಬಲ್ ಬಿಚ್ಚಿ, ಹೊಸದನ್ನು ಮಾತ್ರ ಸಿಕ್ಕಿಸಿ, ಅದರ ಮೇಲೆ ವಿಂಡೋಸ್ 11 ಹೊಸದಾಗಿ ಹಾಕಿದೆ. ಕೇಬಲ್ ಬಿಚ್ಚಲು ಕಾರಣ ಇದೆ. ಎರಡೂ ಡಿಸ್ಕ್ ಇದ್ದಾಗ ಬೂಟ್ ಫೈಲುಗಳು ಕೆಲವೊಮ್ಮೆ ಹಳೆ ಡಿಸ್ಕಿನಲ್ಲೇ ಹೋಗಿ ಕೂರುತ್ತವೆ. ಆಮೇಲೆ ಹಳೆಯದನ್ನು ತೆಗೆದರೆ ಹೊಸದೂ ಏಳುವುದಿಲ್ಲ. ಬಿಚ್ಚಿಟ್ಟರೆ ಆ ಭಯವಿಲ್ಲ, ಹಳೆ ಫೈಲಿಗೂ ಏನೂ ಆಗುವುದಿಲ್ಲ. ಏನಾದರೂ ಎಡವಟ್ಟಾದರೆ ಕೇಬಲ್ ಬದಲಿಸಿ, ಬಯೋಸ್ ಮೊದಲಿನ ಹಾಗೆ ಮಾಡಿದರೆ ಹಳೆ ಅಂಗಡಿ ಮತ್ತೆ ಶುರು. ಲೈಸೆನ್ಸ್ ಬಗ್ಗೆ ಚಿಂತೆ ಇರಲಿಲ್ಲ. ಆಕ್ಟಿವೇಟ್ ಆಗಿದ್ದ ವಿಂಡೋಸ್ 10ರ ಡಿಜಿಟಲ್ ಲೈಸೆನ್ಸ್ ಅದೇ ಮಷಿನ್‌ನಲ್ಲಿ 11ಕ್ಕೂ ನಡೆಯುತ್ತದೆ, ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ ಹಾಕಬೇಕು.

ಇನ್‌ಸ್ಟಾಲ್ ನಡುವೆ ಇಂಟರ್ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ನಮ್ಮ ಬ್ರಾಡ್‌ಬ್ಯಾಂಡ್ ಆ ದಿನ ಇರುತ್ತದೋ ಇಲ್ಲವೋ ಅಂತ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಲು ತಯಾರಿ ಇಟ್ಟುಕೊಂಡಿದ್ದೆ. ನೆಟ್‌ವರ್ಕ್ ಮತ್ತು ಪ್ರಿಂಟರ್ ಡ್ರೈವರ್‌ಗಳನ್ನು ಮೊದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡಿರಬೇಕು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಹಳೆಯ 32 ಬಿಟ್ ಡ್ರೈವರ್ ಅದರಲ್ಲಿ ನಡೆಯುವುದಿಲ್ಲ. ನಿಮ್ಮ ಪ್ರಿಂಟರಿಗೆ 64 ಬಿಟ್ ಡ್ರೈವರ್ ಇದೆಯೇ ಅಂತ ಡಿಸ್ಕ್ ಕೊಳ್ಳುವ ಮೊದಲೇ ನೋಡಿ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಈಚಿನ ಆವೃತ್ತಿಗಳನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಎಷ್ಟೋ ಮಷಿನ್‌ಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ (ಎನ್‌ಕ್ರಿಪ್ಶನ್) ಬೀಳುತ್ತದೆ. ಅದರ ರಿಕವರಿ ಕೀ 48 ಅಂಕಿಯದು, ಆ ಖಾತೆಯಲ್ಲಿ ಇರುತ್ತದೆ. ಮುಂದೆ ಬಯೋಸ್‌ನಲ್ಲಿ ಏನಾದರೂ ಬದಲಿಸಿದಾಗ ಅದನ್ನು ಕೇಳಬಹುದು. ಕೀ ಸಿಗದಿದ್ದರೆ ಫೈಲು ಹೋದ ಹಾಗೆಯೇ. ನಾನು ಅದನ್ನು ಪ್ರಿಂಟ್ ತೆಗೆದು ಅಂಗಡಿಯ ಲೈಸೆನ್ಸ್ ಕಾಗದಗಳ ಫೈಲಿನಲ್ಲಿ ಇಟ್ಟಿದ್ದೇನೆ.

ವಿಂಡೋಸ್ ಎದ್ದ ಕೂಡಲೇ ಕೆಲಸ ಮುಗಿಯಿತು ಅಂತಲ್ಲ. ಕನ್ನಡ ಡಿಟಿಪಿಯವರಿಗೆ ನಿಜವಾದ ಪರೀಕ್ಷೆ ಆಮೇಲೆ. ನಮ್ಮ ಹಳೆ ಕೆಲಸವೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ, ಯೂನಿಕೋಡ್ ಅಲ್ಲದ ಹಳೆ ಬಗೆಯ ಫಾಂಟ್‌ನಲ್ಲಿದೆ. ಆ ಫೈಲಿನ ಒಳಗೆ ಕನ್ನಡ ಅಕ್ಷರವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದೆ ತೆರೆದರೆ 'ಕನ್ನಡ' ಇದ್ದಲ್ಲಿ ಬ್ರಿಟನ್ನಿನ ಪೌಂಡಿನ ಗುರುತು, ತಲೆಯ ಮೇಲೆ ಗೆರೆ ಇರುವ ಎ ಕಾಣಿಸುತ್ತದೆ.

ಹಳೆಯ ಮದುವೆ ಕಾಗದದ ಫೈಲೊಂದನ್ನು ತೆರೆದು ಹೊಸ ಮಷಿನ್‌ನಿಂದ ಪ್ರಿಂಟ್ ಕೊಟ್ಟೆ. ಅದೇ ಕಾಗದದ ಹಳೆ ಪ್ರತಿ ನಮ್ಮ ಸ್ಯಾಂಪಲ್ ಆಲ್ಬಮ್‌ನಲ್ಲಿತ್ತು. ಒಂದರ ಮೇಲೆ ಒಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. 'ಜ್ಯೇಷ್ಠ ಪುತ್ರ'ದ ಒತ್ತುಗಳು ಸರಿ ಇದ್ದವು. 'ಆಶೀರ್ವಾದ'ದ ಅರ್ಕಾವತ್ತು ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು, ಕೆಳಗಿನ ವಿಳಾಸದ ಕೊನೆ ಪದ ಮುಂದಿನ ಸಾಲಿಗೆ ಜಾರಿತ್ತು. ಹೆಸರು ಒಂದೇ ಆದರೂ ಫಾಂಟಿನ ಆವೃತ್ತಿ ಬೇರೆ. ಹಳೆ ಡಿಸ್ಕನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ, ಅದರ ಫಾಂಟ್ಸ್ ಫೋಲ್ಡರ್‌ನಿಂದ ಅದೇ ಫೈಲನ್ನು ತಂದು ಹಾಕಿದೆ. ಮತ್ತೆ ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದಾಗ ಎರಡೂ ಒಂದರೊಳಗೊಂದು ಕೂತವು. ಜನರ ಮನೆಯ ಹೆಸರು, ಹಿರಿಯರ ಹೆಸರು ಅದರಲ್ಲಿ ಅಚ್ಚಾಗುತ್ತದೆ. ಇಲ್ಲಿ 'ಸುಮಾರಾಗಿ ಸರಿ' ಅನ್ನುವುದು ಆಗುವುದಿಲ್ಲ. ಹಳೆ ಡಿಸ್ಕ್ ಅಳಿಸಿ ಹೋಗಿದ್ದರೆ ಆ ಫಾಂಟ್ ಎಲ್ಲಿಂದ ತರುತ್ತಿದ್ದೆ?

ಜೆರಾಕ್ಸ್ ಪಕ್ಕದ ಎರಡನೇ ಮಷಿನ್ ಇನ್ನೂ ಹಳೆಯದು, ಐ3 ನಾಲ್ಕನೇ ತಲೆಮಾರು. ಅದರಲ್ಲಿ ಕನ್ನಡ ಡಿಟಿಪಿ ಇಲ್ಲ, ಬ್ರೌಸರ್ ಮತ್ತು ಪಿಡಿಎಫ್ ಪ್ರಿಂಟ್ ಅಷ್ಟೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 22 ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿದೆ. ದುಡ್ಡಿಲ್ಲ, 2029ರವರೆಗೆ ಅಪ್‌ಡೇಟ್ ಇದೆ. ಡಿಸ್ಕಿಗೆ ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ಪ್ರಿಂಟರ್, ಸ್ಕ್ಯಾನರ್ ಎರಡೂ ನೋಡಿಕೊಂಡೆ. ಅಂಗಡಿಯ ಹುಡುಗ ಮಧ್ಯಾಹ್ನದೊಳಗೆ ಒಗ್ಗಿಕೊಂಡ.

ಮನೆಯ ಐ3-7100 ಮಾತ್ರ ವಿಂಡೋಸ್ 10ರಲ್ಲೇ ಇದೆ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತ್ತು, ಅದಕ್ಕೆ ಹೆಸರು ನೋಂದಾಯಿಸಿದ್ದೇನೆ. ಮಷಿನ್ ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2ನಲ್ಲಿರಬೇಕು, ಅದನ್ನು ಮೊದಲು ನೋಡಿಕೊಳ್ಳಿ. ಆ ಅಡಿಕೆ ವ್ಯಾಪಾರಿಯ ಮಷಿನ್ 11ಕ್ಕೆ ಆಗುವಂಥದ್ದೇ. ಅವರ ಹೊಸ ಡಿಸ್ಕನ್ನೂ ದೀಪಾವಳಿಗೆ ಮೊದಲೇ ಕೂರಿಸಿ ಕೊಟ್ಟೆ. ಹಳೆಯದರ ಮೇಲೆ ತಾರೀಕು ಬರೆದು ಅವರ ಕೈಗೇ ಕೊಟ್ಟು, ಮಾರ್ಚ್ ಲೆಕ್ಕ ಮುಗಿಯುವವರೆಗೆ ಯಾರಿಗೂ ಕೊಡಬೇಡಿ ಅಂತ ಹೇಳಿದ್ದೇನೆ.